ಜಾಲತಾಣದ ಹೋರಾಟಗಾರರು ನೀತಿ ಸಂಶೋಧನಾ ಸಂಸ್ಥೆಯ ಜೊತೆ ಸೇರಬಹುದೇ?

ಪ್ರಶ್ನೆ: ನಾವು ಹುಬ್ಬಳ್ಳಿ–ಧಾರವಾಡದ ಹದಿನೈದು ಜನರ ಬಳಗ. ಆ್ಯಪ್‌ಗಳ ಮೂಲಕ ಊಟ, ದಿನಸಿ ತಲುಪಿಸುವವರು ಮತ್ತು ಆಟೊ ಓಡಿಸುವವರ ಪರವಾಗಿ ಮೂರು ವರ್ಷಗಳಿಂದ ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸ್‌ಆ್ಯಪ್‌ಗಳಲ್ಲಿ ಬರೆಯುತ್ತ, ಸಹಿ ಸಂಗ್ರಹಿಸುತ್ತ ಬಂದಿದ್ದೇವೆ. ಈಚೆಗೆ ಬೆಂಗಳೂರಿನ ನೀತಿ ಸಂಶೋಧನಾ ಸಂಸ್ಥೆಯೊಂದು ಜೊತೆಗೂಡಿ ಕೆಲಸ ಮಾಡೋಣವೇ ಎಂದು ಕೇಳಿದೆ. ಅವರ ಜೊತೆ ಸೇರಿದರೆ ನಮ್ಮ ಮಾತಿಗೆ ತೂಕ ಬರುತ್ತದೆ ಎನ್ನುವವರು ನಮ್ಮಲ್ಲಿ ಅರ್ಧದಷ್ಟಿದ್ದಾರೆ. ನಮ್ಮಿಂದ ಮಾಹಿತಿ ಪಡೆದು, ವರದಿ ಬರೆದು ಹೊರಟುಹೋಗುತ್ತಾರೆ ಎನ್ನುವವರು ಇನ್ನರ್ಧ. ಏನು ಮಾಡಬೇಕು?

ಉತ್ತರ: ಸೇರಿ ಎಂದೇ ನನ್ನ ಸಲಹೆ, ಆದರೆ ಒಂದೇ ಹೆಸರಿನಡಿ ಸೇರಬೇಡಿ. ನಿಮ್ಮ ಬಳಗದ ಎರಡೂ ಪಂಗಡಗಳ ಮಾತಿನಲ್ಲಿ ಸತ್ಯವಿದೆ. ಅದನ್ನು ತೋರಿಸಲು ನಮ್ಮ ದೇಶದಲ್ಲೇ ನಡೆದ, ಬೆಂಗಳೂರಿನವರ ಪಾಲೂ ಸಾಕಷ್ಟಿದ್ದ ಒಂದು ಪ್ರಸಂಗವನ್ನು ತುಸು ವಿವರವಾಗಿ ಹೇಳಬೇಕಾಗುತ್ತದೆ.

ಅದಕ್ಕೂ ಮೊದಲು ಹೆಸರಿನ ಬಗ್ಗೆ ಒಂದು ಮಾತು. ಇಂಥ ಸಂಸ್ಥೆಗಳನ್ನು ನಮ್ಮ ಪತ್ರಿಕೆಗಳು ‘ಚಿಂತಕರ ಚಾವಡಿ’ ಎಂದು ಕರೆಯುತ್ತವೆ. ಚಾವಡಿ ಎಂದೊಡನೆ ನಮಗೆ ಊರವರು ಕೂತು ಹರಟುವ ಕಟ್ಟೆಯ ನೆನಪಾಗುತ್ತದೆ. ಆದರೆ ಶಾನುಭೋಗರು ಕಂದಾಯದ ಲೆಕ್ಕ ಬರೆಯುತ್ತಿದ್ದದ್ದೂ ಚಾವಡಿಯಲ್ಲಿಯೇ. ಲೆಕ್ಕದ ಭಾಷೆ ತಿಳಿಯದ ರೈತ ಅಲ್ಲಿ ಹೊರಗೆ ನಿಂತೇ ಕಾಯಬೇಕಿತ್ತು. ಈ ಎರಡನೆಯ ಅರ್ಥವೇ ನಿಮ್ಮ ಪ್ರಶ್ನೆಗೆ ಹತ್ತಿರವಾದದ್ದು. ಸರ್ಕಾರಿ ಕಡತ ಓಡುವ ಭಾಷೆ ಆ ಸಂಸ್ಥೆಗಳಿಗೆ ಗೊತ್ತಿದೆ. ಕಡತದಲ್ಲಿ ಯಾರ ಬದುಕು ಸಿಕ್ಕಿಹಾಕಿಕೊಂಡಿದೆಯೋ ಅವರ ಪರಿಚಯ ನಿಮಗಿದೆ.

2015ರ ಮಾರ್ಚ್ 27ರಂದು ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಒಂದು ಸಮಾಲೋಚನಾ ಪತ್ರವನ್ನು ಹೊರತಂದಿತು. ವಾಟ್ಸ್‌ಆ್ಯಪ್, ಸ್ಕೈಪ್‌ನಂಥ ಸೇವೆಗಳನ್ನು ಹೇಗೆ ನಿಯಂತ್ರಿಸಬೇಕು, ಒಂದೊಂದು ಜಾಲತಾಣಕ್ಕೆ ಒಂದೊಂದು ದರ ವಿಧಿಸಲು ದೂರವಾಣಿ ಕಂಪನಿಗಳಿಗೆ ಅವಕಾಶ ಕೊಡಬಹುದೇ ಎಂಬುದು ಅದರ ವಿಷಯ. ಇಂಗ್ಲಿಷಿನಲ್ಲಿ 118 ಪುಟ, ಕೊನೆಯಲ್ಲಿ 20 ಪ್ರಶ್ನೆ, ಉತ್ತರಿಸಲು ಏಪ್ರಿಲ್ 24ರ ಗಡುವು. ವಕೀಲರು, ತಂತ್ರಾಂಶ ಬರೆಯುವವರು, ಪತ್ರಕರ್ತರು, ಸಣ್ಣ ಕಂಪನಿ ನಡೆಸುವವರು ಸೇರಿದ ಒಂದು ಸ್ವಯಂಸೇವಕರ ಗುಂಪು ಆ ಪುಟಗಳನ್ನು ಓದಿ, ಪ್ರಶ್ನೆಗಳಿಗೆ ಸಾಮಾನ್ಯರಿಗೂ ಅರ್ಥವಾಗುವ ಚಿಕ್ಕ ಉತ್ತರಗಳನ್ನು ಸಿದ್ಧಪಡಿಸಿ, ‘ಸೇವ್ ದಿ ಇಂಟರ್ನೆಟ್’ ಎಂಬ ಹೆಸರಿನಲ್ಲಿ ಜಾಲತಾಣವೊಂದನ್ನು ತೆರೆಯಿತು. ಬೇಕಾದರೆ ಉತ್ತರವನ್ನು ತಿದ್ದಿಕೊಂಡು ಟ್ರಾಯ್‌ಗೆ ಮಿಂಚಂಚೆ ಕಳಿಸುವ ಅವಕಾಶ ಅದರಲ್ಲಿತ್ತು. ಎಐಬಿ ಎಂಬ ಹಾಸ್ಯ ತಂಡ ಯೂಟ್ಯೂಬಿನಲ್ಲಿ ಒಂದು ವಿಡಿಯೊ ಮಾಡಿ ವಿಷಯವನ್ನು ಕಾಲೇಜಿನ ಹುಡುಗರವರೆಗೂ ಮುಟ್ಟಿಸಿತು. ಗಡುವು ಮುಗಿಯುವಷ್ಟರಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಮಿಂಚಂಚೆಗಳು ಟ್ರಾಯ್ ಕಚೇರಿಗೆ ತಲುಪಿದ್ದವು. ಕೆಲವು ಅಂತರ್ಜಾಲ ತಾಣಗಳ ಡೇಟಾ ವೆಚ್ಚವನ್ನು ಬಳಕೆದಾರರ ಬದಲು ಆ ತಾಣಗಳೇ ಭರಿಸುವ ‘ಏರ್‌ಟೆಲ್ ಝೀರೊ’ ಯೋಜನೆಯ ಮಾತುಕತೆಯಿಂದ ಫ್ಲಿಪ್‌ಕಾರ್ಟ್ ಅದೇ ಏಪ್ರಿಲ್ ತಿಂಗಳ ನಡುವೆ ಹಿಂದೆ ಸರಿಯಿತು.

ಈ ಕಥೆಯನ್ನು ಹೇಳುವವರು ಹೆಚ್ಚಾಗಿ ಹತ್ತು ಲಕ್ಷದ ಸಂಖ್ಯೆಯಲ್ಲೇ ನಿಂತುಬಿಡುತ್ತಾರೆ. ಗೆಲುವು ಸಂಖ್ಯೆಯಿಂದ ಬಂತು ಎಂಬ ತಪ್ಪು ತಿಳಿವಳಿಕೆ ಹುಟ್ಟುವುದೂ ಅಲ್ಲಿಂದಲೇ. ಆ ತಿಳಿವಳಿಕೆಯನ್ನು ಅಳಿಸಿಹಾಕುವ ಎರಡನೆಯ ಅಂಕ ಅದೇ ವರ್ಷದ ಡಿಸೆಂಬರಿನಲ್ಲಿ ಶುರುವಾಯಿತು.

ಡಿಸೆಂಬರ್ 9ರಂದು ಟ್ರಾಯ್ ದರಭೇದದ ವಿಷಯವನ್ನಷ್ಟೇ ಎತ್ತಿಕೊಂಡು, ನಾಲ್ಕೇ ಪ್ರಶ್ನೆಗಳ ಹೊಸ ಪತ್ರವನ್ನು ಪ್ರಕಟಿಸಿತು. ಆಯ್ದ ಕೆಲವು ತಾಣಗಳನ್ನು ಉಚಿತವಾಗಿ ಕೊಡುವ ‘ಫ್ರೀ ಬೇಸಿಕ್ಸ್’ ಯೋಜನೆಯನ್ನು ಉಳಿಸಿಕೊಳ್ಳಬೇಕೆಂದಿದ್ದ ಫೇಸ್‌ಬುಕ್, ಈ ಸಲ ಹೋರಾಟಗಾರರ ವಿಧಾನವನ್ನೇ ಕೈಗೆತ್ತಿಕೊಂಡಿತು. ಪತ್ರಿಕೆಗಳಲ್ಲಿ ಪುಟಗಟ್ಟಲೆ ಜಾಹೀರಾತು ಬಂದವು. ಫೇಸ್‌ಬುಕ್ ತೆರೆದವರೆಲ್ಲರ ಮುಂದೆ, ಒಂದು ಗುಂಡಿ ಒತ್ತಿದರೆ ಟ್ರಾಯ್‌ಗೆ ಸಿದ್ಧ ಪತ್ರ ಹೋಗುವ ಕೋರಿಕೆ ಮೂಡಿತು. ಟ್ರಾಯ್‌ಗೆ ಬಂದ ಸುಮಾರು 24 ಲಕ್ಷ ಅಭಿಪ್ರಾಯಗಳಲ್ಲಿ ಬಹುಪಾಲು ಫ್ರೀ ಬೇಸಿಕ್ಸ್ ಪರವಾದ ಅಚ್ಚಿನ ಪತ್ರಗಳೇ ಆಗಿದ್ದವು. ಎಣಿಕೆಯೇ ತೀರ್ಮಾನವಾಗುವಂತಿದ್ದರೆ ಫೇಸ್‌ಬುಕ್ ಗೆಲ್ಲಬೇಕಿತ್ತು. ಆದರೆ ಟ್ರಾಯ್ ಕೇಳಿದ ನಾಲ್ಕು ಪ್ರಶ್ನೆಗಳಿಗೆ ಆ ಪತ್ರಗಳು ಉತ್ತರವನ್ನೇ ಕೊಟ್ಟಿರಲಿಲ್ಲ. ಸಮಾಲೋಚನೆಯನ್ನು ಬಹುಮತದ ಎಣಿಕೆಯ ಮಟ್ಟಕ್ಕೆ ಇಳಿಸಬೇಡಿ ಎಂಬ ಅರ್ಥದ ಕಟುವಾದ ಪತ್ರವೊಂದನ್ನು ಟ್ರಾಯ್ 2016ರ ಜನವರಿಯಲ್ಲಿ ಫೇಸ್‌ಬುಕ್‌ಗೆ ಬರೆಯಿತು. ಫೆಬ್ರುವರಿ 8ರಂದು ಹೊರಬಿದ್ದ ನಿಯಮಾವಳಿ, ತಲುಪಿಸುವ ವಿಷಯವನ್ನು ನೋಡಿ ಡೇಟಾ ದರದಲ್ಲಿ ತಾರತಮ್ಯ ಮಾಡುವುದನ್ನು ನಿಷೇಧಿಸಿತು. ಉಲ್ಲಂಘನೆಗೆ ದಿನಕ್ಕೆ 50 ಸಾವಿರ ರೂಪಾಯಿಯಂತೆ, ಗರಿಷ್ಠ 50 ಲಕ್ಷ ರೂಪಾಯಿವರೆಗೆ ದಂಡವನ್ನೂ ಗೊತ್ತುಮಾಡಿತು.

ಆ ನಿಯಮಾವಳಿಗೆ ಸೇರಿಸಿರುವ ವಿವರಣಾ ಟಿಪ್ಪಣಿಯನ್ನು ನಿಮ್ಮ ಬಳಗದವರು ಒಮ್ಮೆ ಕುಳಿತು ಓದಬೇಕು. ಒಂದೊಂದು ದರಪಟ್ಟಿಯನ್ನೂ ಬಿಡಿಬಿಡಿಯಾಗಿ ಪರೀಕ್ಷಿಸುವ ಬದಲು ಮೊದಲೇ ನಿಷೇಧ ಹೇರಿದ್ದಕ್ಕೆ ಅದು ಕೊಡುವ ಕಾರಣಗಳು ಹೋರಾಟದ ಘೋಷಣೆಗಳಿಂದ ಬಂದವಲ್ಲ. ಬಿಡಿ ಪರೀಕ್ಷೆಯಿಂದ ಉದ್ಯಮಕ್ಕೆ ನಿಶ್ಚಿತತೆ ಸಿಗುವುದಿಲ್ಲ, ನಿಯಂತ್ರಣದ ಖರ್ಚು ಏರುತ್ತದೆ, ವಕೀಲರನ್ನು ಇಟ್ಟುಕೊಳ್ಳಬಲ್ಲ ದೊಡ್ಡವರಿಗೆ ಅನುಕೂಲವಾಗಿ ಸಣ್ಣವರು ಸೋಲುತ್ತಾರೆ ಎಂಬ ಈ ವಾದಸರಣಿ ಸಂಶೋಧಕರು, ಕಾನೂನು ಬಲ್ಲವರು ಸಲ್ಲಿಸಿದ ದೀರ್ಘ ಉತ್ತರಗಳ ಜಾತಿಯದು. ಹತ್ತು ಲಕ್ಷ ಜನ ಬರೆಯದಿದ್ದರೆ ಈ ವಿಷಯ ಪತ್ರಿಕೆಗಳ ವಾಣಿಜ್ಯ ಪುಟವನ್ನು ದಾಟುತ್ತಿರಲಿಲ್ಲ, ಸಂಸದರು ಮಾತನಾಡುತ್ತಿರಲಿಲ್ಲ. ಆದರೆ ಆದೇಶ ಬರೆಯುವ ಅಧಿಕಾರಿಗೆ ನಾಳೆ ನ್ಯಾಯಾಲಯದಲ್ಲಿ ನಿಲ್ಲಬಲ್ಲ ಕಾರಣಗಳು ಬೇಕಾಗಿದ್ದವು. ‘ಹತ್ತು ಲಕ್ಷ ಜನ ಕೇಳಿದರು’ ಎಂಬುದು ನ್ಯಾಯಾಲಯದಲ್ಲಿ ನಿಲ್ಲುವ ಕಾರಣವಲ್ಲ.

ಇನ್ನು ಒಂದೇ ಹೆಸರಿನಡಿ ಸೇರಬೇಡಿ ಎಂದು ಆರಂಭದಲ್ಲೇ ಏಕೆ ಹೇಳಿದೆನೆಂದರೆ, ಆ ಪ್ರಸಂಗದಲ್ಲಿ ಹೋರಾಟಗಾರರೂ ಸಂಶೋಧಕರೂ ಎಲ್ಲ ಮಾತಿಗೂ ಒಪ್ಪಿಕೊಂಡಿರಲಿಲ್ಲ. ಬೆಂಗಳೂರಿನಲ್ಲಿ 2008ರಲ್ಲಿ ಆರಂಭವಾದ ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿಯ ಸಂಶೋಧಕರು ಉಚಿತ ಡೇಟಾದ ಯೋಜನೆಗಳೆಲ್ಲವೂ ಒಂದೇ ಬಗೆಯವಲ್ಲ, ಕೆಲವು ಹಾನಿಕರ, ಕೆಲವು ಅಲ್ಲ, ಆದ್ದರಿಂದ ವಿಂಗಡಿಸಿ ನಿಯಂತ್ರಿಸಬೇಕು ಎಂಬ ದಿಕ್ಕಿನಲ್ಲಿ ಬರೆದಿದ್ದರು. ಪೂರ್ಣ ನಿಷೇಧ ಬೇಕೆಂದಿದ್ದವರಿಗೆ ಇದು ಹಿಡಿಸಲಿಲ್ಲ. ಆದರೆ ದೂರದಿಂದ ನೋಡಿದಾಗ ಈ ಭಿನ್ನಮತ ನಷ್ಟವನ್ನು ಮಾಡಲಿಲ್ಲವೆಂದೇ ನನಗನ್ನಿಸುತ್ತದೆ. ಸಂಶೋಧಕರು ‘ಇಂಥ ಕಡೆ ಹಾನಿ ಕಡಿಮೆ’ ಎಂದು ಪ್ರಾಮಾಣಿಕವಾಗಿ ಬರೆದದ್ದರಿಂದಲೇ ‘ಇಂಥ ಕಡೆ ಹಾನಿ ಇದೆ’ ಎಂಬ ಅವರ ಮಾತನ್ನು ನಂಬಲು ಸಾಧ್ಯವಾಯಿತು. ಹೋರಾಟಗಾರರು ಕಟ್ಟುನಿಟ್ಟಾಗಿ ನಿಂತದ್ದರಿಂದ ಚರ್ಚೆ ನುಣುಚಿಕೊಳ್ಳಲಿಲ್ಲ. ಇಬ್ಬರೂ ಒಂದೇ ಕಾಗದಕ್ಕೆ ಸಹಿ ಹಾಕಿದ್ದರೆ ಸಂಶೋಧಕರ ಮಾತಿಗಿದ್ದ ನಂಬಿಕೆಯಾಗಲಿ ಹೋರಾಟಗಾರರ ಮಾತಿಗಿದ್ದ ಹರಿತವಾಗಲಿ, ಎರಡರಲ್ಲೊಂದು ಕಳೆದುಹೋಗುತ್ತಿತ್ತು. ಹೋರಾಟ ಮುಗಿದ ಮೇಲೆ ಆ ಸ್ವಯಂಸೇವಕರಲ್ಲಿ ಕೆಲವರು 2016ರಲ್ಲಿ ಇಂಟರ್ನೆಟ್ ಫ್ರೀಡಂ ಫೌಂಡೇಶನ್ ಎಂಬ ಸಂಸ್ಥೆಯನ್ನೇ ಕಟ್ಟಿದರು. ನೀತಿ ಸಂಶೋಧನೆ ನಡೆಸುವ ಬೆಂಗಳೂರಿನ ತಕ್ಷಶಿಲಾ ಸಂಸ್ಥೆಯೂ ರಾಜಕೀಯ ವಿಷಯಗಳ ಬಗ್ಗೆ ಬರೆಯುತ್ತಿದ್ದ ಬ್ಲಾಗಿಗರ ಬಳಗದಿಂದ ಬೆಳೆದದ್ದು. ಅಂದರೆ ಜಾಲತಾಣದವರು ಮತ್ತು ಚಾವಡಿಯವರು ಎಂಬ ಭೇದ ಶಾಶ್ವತವಾದದ್ದೇನೂ ಅಲ್ಲ. ಐದು ವರ್ಷ ಬಿಟ್ಟು ಇಂಥದೇ ಪ್ರಶ್ನೆಯನ್ನು ಬೇರೊಂದು ಬಳಗ ನಿಮ್ಮ ಬಗ್ಗೆಯೇ ಕೇಳಬಹುದು.

ನಿಮ್ಮ ಕ್ಷೇತ್ರಕ್ಕೆ ಬರೋಣ. ಕರ್ನಾಟಕ ಸರ್ಕಾರ 2024ರ ಜೂನ್ 29ರಂದು ಗಿಗ್ ಕಾರ್ಮಿಕರ, ಅಂದರೆ ಆ್ಯಪ್‌ಗಳ ಮೂಲಕ ದುಡಿಯುವ ನಿಮ್ಮ ಸವಾರರಂಥವರ, ಕರಡು ಮಸೂದೆಯನ್ನು ಪ್ರಕಟಿಸಿ, ಆಕ್ಷೇಪಣೆ ಮತ್ತು ಸಲಹೆಗಳಿಗೆ ಜುಲೈ 9ರವರೆಗೆ ಕಾಲಾವಕಾಶ ಕೊಟ್ಟಿತು. ಹತ್ತು ದಿನ! ಕಂಪನಿಗಳ ಸಂಘಟನೆಗಳಿಗೆ ಹತ್ತು ದಿನ ಸಾಕು; ಅವರಲ್ಲಿ ಇದೇ ಕೆಲಸಕ್ಕೆಂದು ಸಂಬಳ ಪಡೆಯುವ ಜನರಿದ್ದಾರೆ. ರಾತ್ರಿ ಹನ್ನೊಂದಕ್ಕೆ ಕೊನೆಯ ಆರ್ಡರ್ ಮುಟ್ಟಿಸಿ ಮನೆಗೆ ಬರುವವನಿಗೆ ಸಾಲದು. 2025ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆ, ಆಮೇಲೆ ಅದೇ ವರ್ಷ ಕಾಯ್ದೆ ಬಂತು. ಪ್ರತಿ ವ್ಯವಹಾರದಲ್ಲಿ ಕಾರ್ಮಿಕನಿಗೆ ಸಲ್ಲುವ ಹಣದ ಶೇ 1ರಿಂದ 5ರಷ್ಟನ್ನು ಕಂಪನಿಗಳಿಂದ ಕಲ್ಯಾಣ ಶುಲ್ಕವಾಗಿ ವಸೂಲು ಮಾಡುವುದಕ್ಕೂ ಕಲ್ಯಾಣ ಮಂಡಳಿಗೂ ಅದರಲ್ಲಿ ಅವಕಾಶವಿದೆ. ಕಾಯ್ದೆ ಬಂದ ಮೇಲೂ ಕೆಲಸ ಮುಗಿಯುವುದಿಲ್ಲ ಎಂಬುದನ್ನು ಜಾಲತಾಣದ ಹೋರಾಟಗಳು ಮರೆಯುವುದುಂಟು. ಶೇಕಡ ಒಂದೋ ಐದೋ, ಯಾವ ಸೇವೆಗೆ ಎಷ್ಟು, ಕಾರ್ಮಿಕನ ಐಡಿ, ಅಂದರೆ ಆ್ಯಪ್‌ನಲ್ಲಿ ಅವನಿಗೆ ಕೆಲಸ ಸಿಗುವ ಖಾತೆಯನ್ನು ಬ್ಲಾಕ್ ಮಾಡುವ ಮುನ್ನ ಯಾವ ರೀತಿಯಲ್ಲಿ ತಿಳಿಸಬೇಕು ಎಂಬಂಥವು ನಿಯಮ ಮತ್ತು ಅಧಿಸೂಚನೆಗಳಲ್ಲಿ ತೀರ್ಮಾನವಾಗುತ್ತವೆ. ಹ್ಯಾಶ್‌ಟ್ಯಾಗ್ ಅಲ್ಲಿಯವರೆಗೆ ಬದುಕಿರುವುದು ಅಪರೂಪ. ಅಧಿಸೂಚನೆಗಳ ಬೆನ್ನು ಬಿಡದೆ ಕೂರುವ ತಾಳ್ಮೆ, ಅದಕ್ಕೆ ಬೇಕಾದ ಸಂಬಳದ ಜನ ಸಂಶೋಧನಾ ಸಂಸ್ಥೆಯಲ್ಲಿರುತ್ತಾರೆ. ನಿಮ್ಮ ಮಟ್ಟಿಗೆ ಅವರಿಂದ ಸಿಗುವ ನಿಜವಾದ ಲಾಭ ಇದು. ವೇದಿಕೆಯ ಮೇಲೆ ಸಿಗುವ ಕುರ್ಚಿ ಅಲ್ಲ.

ಅವರಿಗೆ ನಿಮ್ಮಿಂದ ಬೇಕಾದದ್ದು ಏನು? ಹೆಚ್ಚಾಗಿ, ಕಾರ್ಮಿಕರ ಫೋನ್ ನಂಬರು, ಪಾವತಿಯ ಸ್ಕ್ರೀನ್‌ಶಾಟ್, ಸಂದರ್ಶನ. ಆ್ಯಪ್‌ಗಳು ದರದ ಲೆಕ್ಕಾಚಾರವನ್ನು ಹೊರಗೆ ಬಿಟ್ಟುಕೊಡದ ಕಾರಣ, ಕಾರ್ಮಿಕರ ಕೈಯಲ್ಲಿರುವ ಈ ದಾಖಲೆಗಳೇ ಸಂಶೋಧನೆಗೆ ಮೂಲ ಸಾಮಗ್ರಿ. ಬೆಂಗಳೂರಿನ ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯ ಕೇಂದ್ರವೊಂದು ನಡೆಸಿಕೊಂಡು ಬಂದ ‘ಫೇರ್‌ವರ್ಕ್ ಇಂಡಿಯಾ’ ಅಧ್ಯಯನ ಕಂಪನಿಗಳಿಗೆ ಅಂಕ ಕೊಡುವಾಗ ಕಾರ್ಮಿಕರ ಸಂದರ್ಶನಗಳನ್ನೂ ಆಧಾರವಾಗಿ ಇಟ್ಟುಕೊಂಡಿದೆ. ಇದರಲ್ಲಿ ತಪ್ಪಿಲ್ಲ. ಆದರೆ ನಿಮ್ಮ ಬಳಗದ ಎರಡನೆಯ ಪಂಗಡದವರ ಸಂಶಯಕ್ಕೆ ಬೇರು ಇಲ್ಲಿಯೇ ಇದೆ. ಆದ್ದರಿಂದ ಮೊದಲ ಸಭೆಯಲ್ಲೇ ಕೆಲವು ಮಾತುಗಳನ್ನು ಕಾಗದದ ಮೇಲೆ ಬರೆಸಿಕೊಳ್ಳಿ. ಸಂಗ್ರಹಿಸಿದ ಮಾಹಿತಿ ಯಾರ ಬಳಿ ಇರುತ್ತದೆ, ಹೆಸರು ಮತ್ತು ನಂಬರನ್ನು ಯಾವಾಗ ಅಳಿಸುತ್ತಾರೆ, ವರದಿ ಅಚ್ಚಾಗುವ ಮೊದಲು ಅದರ ಕನ್ನಡ ರೂಪವನ್ನು ಮಾತು ಕೊಟ್ಟ ಕಾರ್ಮಿಕರಿಗೆ ಓದಿ ಹೇಳುತ್ತಾರೆಯೇ, ವರದಿಯ ತೀರ್ಮಾನ ನಿಮಗೆ ಒಪ್ಪಿಗೆಯಾಗದಿದ್ದರೆ ನಿಮ್ಮ ಭಿನ್ನಾಭಿಪ್ರಾಯಕ್ಕೆ ಅದರಲ್ಲೇ ಜಾಗ ಇರುತ್ತದೆಯೇ ಎಂಬುದು ಅದರಲ್ಲಿ ಸ್ಪಷ್ಟವಾಗಿರಬೇಕು. ಬೆಂಬಲಿಗರ ವಿವರಗಳ ಬಗ್ಗೆ ನಾನು ಇಷ್ಟು ಹಟ ಹಿಡಿಯುವುದಕ್ಕೆ ಕಾರಣವಿದೆ. 2015ರಲ್ಲಿ ಟ್ರಾಯ್ ತನಗೆ ಬಂದ ಹತ್ತು ಲಕ್ಷಕ್ಕೂ ಹೆಚ್ಚು ಪತ್ರಗಳನ್ನು ಕಳಿಸಿದವರ ಹೆಸರು, ಮಿಂಚಂಚೆ ವಿಳಾಸಗಳ ಸಮೇತ ತನ್ನ ತಾಣದಲ್ಲಿ ಪ್ರಕಟಿಸಿಬಿಟ್ಟಿತು. ಮಿಂಚಂಚೆ ವಿಳಾಸ ಹೊರಬಿದ್ದರೆ ಕಿರಿಕಿರಿಯಷ್ಟೇ. ಕಂಪನಿಯ ವಿರುದ್ಧ ಮಾತನಾಡಿದ ಸವಾರನ ಹೆಸರು ಹೊರಬಿದ್ದರೆ ಅವನ ಐಡಿ ಹೋಗಬಹುದು.

ಇದಕ್ಕೆ ಪೂರ್ತಿ ತದ್ವಿರುದ್ಧವಾದ ಅಭ್ಯಾಸವೂ ಈಗ ಬಂದಿದೆ. ವೈಯಕ್ತಿಕ ದತ್ತಾಂಶ ರಕ್ಷಣೆಯ ಕರಡು ನಿಯಮಗಳನ್ನು 2025ರ ಜನವರಿಯಲ್ಲಿ ಪ್ರಕಟಿಸಿದ ಕೇಂದ್ರದ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯ, ತನಗೆ ಬರುವ ಸಲಹೆಗಳನ್ನು ಯಾರಿಗೂ ಬಹಿರಂಗಪಡಿಸುವುದಿಲ್ಲವೆಂದು ಮೊದಲೇ ಹೇಳಿತು. ಆಗ ಯಾರು ಏನು ಕೇಳಿದರು, ಯಾರ ಮಾತು ನಡೆಯಿತು ಎಂಬುದು ತಿಳಿಯುವುದೇ ಇಲ್ಲ. ಇಂಥ ಸಂದರ್ಭದಲ್ಲಿ ನೀವೂ ಆ ಸಂಸ್ಥೆಯೂ ನಿಮ್ಮ ನಿಮ್ಮ ಸಲಹೆಗಳನ್ನು ಸಲ್ಲಿಸಿದ ದಿನವೇ ನೀವಾಗಿ ಪ್ರಕಟಿಸುವ ಒಪ್ಪಂದ ಮಾಡಿಕೊಳ್ಳಿ. ನಿಮಗೆ ಒಂದು ಮಾತು, ಅಧಿಕಾರಿಗಳಿಗೆ ಇನ್ನೊಂದು ಮಾತು ಹೇಳುವ ಸಂಸ್ಥೆಯನ್ನು ಹಿಡಿಯಲು ಇದಕ್ಕಿಂತ ಸುಲಭವಾದ ಉಪಾಯವಿಲ್ಲ.

ಹಣದ ವಿಷಯದಲ್ಲಿ ಸಂಕೋಚ ಬೇಡ, ಕೇಳಿಬಿಡಿ. ಸಂಸ್ಥೆಯ ವೆಚ್ಚ ಯಾರು ಕೊಡುತ್ತಾರೆ, ಆ್ಯಪ್ ಕಂಪನಿಗಳಿಂದಲೋ ಅವುಗಳ ಹೂಡಿಕೆದಾರರಿಂದಲೋ ದೇಣಿಗೆ ಬಂದಿದೆಯೇ ಎಂದು ಕೇಳುವುದು ಅವಮಾನವಲ್ಲ. ಒಳ್ಳೆಯ ಸಂಸ್ಥೆಗಳು ದಾನಿಗಳ ಪಟ್ಟಿಯನ್ನು ತಾವೇ ಪ್ರಕಟಿಸುತ್ತವೆ. ವಿದೇಶಿ ದೇಣಿಗೆ ಇದ್ದರೆ ಇನ್ನೊಂದು ತೊಡಕು. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಗೆ 2020ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಹಾಗೆ ಬಂದ ಹಣವನ್ನು ಒಂದು ಸಂಸ್ಥೆ ಇನ್ನೊಂದಕ್ಕೆ ವರ್ಗಾಯಿಸುವಂತಿಲ್ಲ. ಹಾಗಾಗಿ ‘ನಮ್ಮ ಅನುದಾನದಲ್ಲಿ ನಿಮಗೂ ಸ್ವಲ್ಪ ಕೊಡುತ್ತೇವೆ’ ಎಂದು ಯಾರಾದರೂ ಸದುದ್ದೇಶದಿಂದಲೇ ಹೇಳಿದರೂ, ಅದು ಯಾವ ಖಾತೆಯ ಹಣ ಎಂದು ತಿಳಿಯದೆ ಕೈಚಾಚಬೇಡಿ. ಈ ಕಾಯ್ದೆಯ ಬಿಸಿ ದೊಡ್ಡವರಿಗೂ ತಟ್ಟಿದೆ. 1973ರಿಂದ ಇರುವ ದೆಹಲಿಯ ಸೆಂಟರ್ ಫಾರ್ ಪಾಲಿಸಿ ರಿಸರ್ಚ್‌ನ ಪರವಾನಗಿ 2023ರಲ್ಲಿ ಅಮಾನತಾಗಿ, 2024ರ ಜನವರಿಯಲ್ಲಿ ರದ್ದಾಯಿತು. ಬಂದ್, ರಸ್ತೆ ತಡೆಯಂಥ ಪ್ರತಿಭಟನೆಗಳನ್ನು ಮಾಡಿದ ಮಾತ್ರಕ್ಕೆ, ರಾಜಕೀಯ ಗುರಿಯಿಲ್ಲದ ಸಂಘಟನೆಯನ್ನು ರಾಜಕೀಯ ಸ್ವರೂಪದ್ದೆಂದು ಪರಿಗಣಿಸಿ ವಿದೇಶಿ ದೇಣಿಗೆ ನಿರಾಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಮಾರ್ಚ್‌ನಲ್ಲಿ ಹೇಳಿದೆ, ನಿಜ. ಆದರೂ ಸಂಶೋಧನಾ ಸಂಸ್ಥೆಗಳು ಬೀದಿಯ ಹೋರಾಟದಿಂದ ಒಂದು ಹೆಜ್ಜೆ ದೂರ ನಿಲ್ಲಬಯಸುವುದರ ಹಿಂದೆ ಈ ಭಯವೂ ಇರುತ್ತದೆ. ನಿಮ್ಮ ಧರಣಿಯ ಪೋಸ್ಟರಿನಲ್ಲಿ ತಮ್ಮ ಹೆಸರು ಹಾಕಬೇಡಿ ಎಂದು ಅವರು ಕೇಳಿದರೆ, ಅದನ್ನು ಹೇಡಿತನವೆಂದು ತಕ್ಷಣ ತೀರ್ಮಾನಿಸಬೇಡಿ. ಹೆಸರುಗಳು ಬೇರೆಬೇರೆಯಾಗಿರಲಿ ಎಂಬ ನನ್ನ ಸಲಹೆಗೆ ಇದು ಇನ್ನೊಂದು ಕಾರಣ.

ಜಾಲತಾಣದ ಹೋರಾಟಕ್ಕೆ ಅಪಾಯವೂ ಬೇರೆ ಬಗೆಯದು. ಪರಿಸರ ಪರಿಣಾಮ ಅಂದಾಜಿನ 2020ರ ಕರಡು ಅಧಿಸೂಚನೆಯ ವಿರುದ್ಧ ಲಕ್ಷಾಂತರ ಪತ್ರಗಳು ಹೋದಾಗ, ಹವಾಮಾನ ಬದಲಾವಣೆಯ ಬಗ್ಗೆ ಹೋರಾಡುವ ಯುವಜನರ ‘ಫ್ರೈಡೇಸ್ ಫಾರ್ ಫ್ಯೂಚರ್’ ಚಳವಳಿಯ ಭಾರತ ಘಟಕದ ಜಾಲತಾಣಕ್ಕೆ ಸಂಬಂಧಿಸಿದಂತೆ ದೆಹಲಿ ಪೊಲೀಸರು ಭಯೋತ್ಪಾದನೆ ತಡೆಗೆ ಬಳಸುವ ಯುಎಪಿಎ ಕಾಯ್ದೆಯ ಕಲಮನ್ನು ಉಲ್ಲೇಖಿಸಿ ನೋಟಿಸು ಕೊಟ್ಟು, ಆಮೇಲೆ ಅದನ್ನು ಹಿಂಪಡೆದರು. ಸಂಶೋಧನಾ ಸಂಸ್ಥೆಗೆ ಅನುದಾನದ ಚಿಂತೆ, ಹೋರಾಟಗಾರರಿಗೆ ಪೊಲೀಸರ ಚಿಂತೆ; ಕಷ್ಟ ಬಂದಾಗ ಯಾರು ಯಾರ ಜೊತೆ ಎಷ್ಟರ ಮಟ್ಟಿಗೆ ನಿಲ್ಲುತ್ತಾರೆ ಎಂಬುದನ್ನು ಕಷ್ಟ ಬರುವ ಮೊದಲೇ ಮಾತಾಡಿಕೊಂಡಿರಬೇಕು.

ಅದೇ ಕರಡಿನ ಪ್ರಸಂಗ ನಿಮ್ಮಂಥ ಕನ್ನಡದ ಬಳಗಕ್ಕೆ ಇನ್ನೊಂದು ಕಾರಣಕ್ಕೂ ಮುಖ್ಯ. ಅದು ಮೊದಲು ಬಂದದ್ದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಸಂವಿಧಾನದ ಎಂಟನೆಯ ಪರಿಚ್ಛೇದದ 22 ಭಾಷೆಗಳಿಗೂ ಅನುವಾದಿಸಬೇಕೆಂದು ದೆಹಲಿ ಹೈಕೋರ್ಟ್ 2020ರ ಜೂನ್ 30ರಂದು ಆದೇಶಿಸಿ, ಗಡುವನ್ನು ಆಗಸ್ಟ್ 11ಕ್ಕೆ ವಿಸ್ತರಿಸಿತು. ಕರ್ನಾಟಕ ಹೈಕೋರ್ಟ್ ಆಗಸ್ಟ್ 5ರಂದು ಅಂತಿಮ ಅಧಿಸೂಚನೆ ಹೊರಡಿಸದಂತೆ ತಾತ್ಕಾಲಿಕವಾಗಿ ತಡೆಯಿತು. ಪಶ್ಚಿಮ ಘಟ್ಟದಲ್ಲಿ ಬದುಕುವವನಿಗೆ ಘಟ್ಟದ ಭವಿಷ್ಯ ಬರೆದಿರುವ ಕಾಗದ ಓದಲು ಬಾರದಿದ್ದರೆ ಅವನ ಸಲಹೆ ಕೇಳುವುದು ಬರಿಯ ಶಾಸ್ತ್ರವಾಗುತ್ತದೆ ಎಂಬ ಸರಳ ವಾದ ನ್ಯಾಯಾಲಯದಲ್ಲಿ ಬೆಲೆ ಪಡೆಯಿತು. ಆ ಕರಡು ಕೊನೆಗೂ ಅಂತಿಮಗೊಳ್ಳಲಿಲ್ಲ. ಆದರೆ ಬಿಡಿಬಿಡಿ ತಿದ್ದುಪಡಿಗಳು, ಕಚೇರಿ ಜ್ಞಾಪನಗಳ ಮೂಲಕ ನಿಯಮಗಳು ಬದಲಾಗುತ್ತಲೇ ಹೋದವು. ಅವುಗಳ ವಿರುದ್ಧ ಅಷ್ಟು ಜನ ಪತ್ರ ಬರೆಯಲಿಲ್ಲ.

ಬೆಂಗಳೂರಿನ ಸಂಶೋಧನಾ ಸಂಸ್ಥೆಗಳಲ್ಲಿ ಬಹುತೇಕ ಬರವಣಿಗೆ ಇಂಗ್ಲಿಷಿನಲ್ಲಿಯೇ ನಡೆಯುತ್ತದೆ. ಕನ್ನಡಕ್ಕೆ ಬರುವಾಗ ಅದು ಕೊನೆಯ ವಾರದಲ್ಲಿ ಯಾರಿಗೋ ಹೊರಗುತ್ತಿಗೆ ಕೊಟ್ಟ ಅನುವಾದವಾಗಿರುತ್ತದೆ. ಅಂಥ ಒಂದು ವರದಿಯ ಕನ್ನಡ ರೂಪವನ್ನು ಪರಿಶೀಲಿಸುವ ಕೆಲಸ ಒಮ್ಮೆ ನನ್ನ ಪಾಲಿಗೆ ಬಂದಿತ್ತು. ಯಾವ ಕಾರ್ಮಿಕರನ್ನು ಕುರಿತು ಬರೆದದ್ದೋ ಅವರಲ್ಲೊಬ್ಬರು ಎರಡು ಪುಟ ಓದಿ, ‘ಸರ್, ಇದು ಯಾರ ಬಗ್ಗೆ?’ ಎಂದು ಕೇಳಿದರು. ಆದ್ದರಿಂದ ಅನುವಾದ ಮಾಡಿಕೊಡುವ ಕೂಲಿಯ ಪಾತ್ರವನ್ನು ನೀವು ಒಪ್ಪಿಕೊಳ್ಳಬೇಡಿ. ಪ್ರಶ್ನಾವಳಿಯನ್ನೇ ಮೊದಲು ಕನ್ನಡದಲ್ಲಿ, ನಿಮ್ಮ ಕಡೆಯ ಮಾತಿನಲ್ಲಿ ಬರೆಯೋಣ, ಆಮೇಲೆ ಅದು ಇಂಗ್ಲಿಷಿಗೆ ಹೋಗಲಿ ಎಂದು ಹೇಳಿ. ‘ಇನ್ಸೆಂಟಿವ್ ಕಟ್ ಆತು’, ‘ಐಡಿ ಬ್ಲಾಕ್ ಮಾಡ್ಯಾರ’ ಎಂದು ಸವಾರರು ಹೇಳುವ ಮಾತಿನಲ್ಲಿರುವಷ್ಟು ನಿಖರತೆ ‘ಪ್ರೋತ್ಸಾಹಧನದ ವ್ಯತ್ಯಯ’ ಎಂಬ ಪದಪುಂಜದಲ್ಲಿಲ್ಲ. ಪ್ರಶ್ನೆ ತಪ್ಪಾದರೆ ಉತ್ತರವೂ ತಪ್ಪಾಗುತ್ತದೆ, ಆ ತಪ್ಪು ನೇರವಾಗಿ ನಿಯಮಾವಳಿಯವರೆಗೂ ಹೋಗುತ್ತದೆ.

ಹೀಗಾಗಿ, ಇಡೀ ಹೋರಾಟವನ್ನು ಅವರ ಜೊತೆ ಬೆಸೆಯುವ ಬದಲು ಒಂದು ಪ್ರಶ್ನೆಯಿಂದ ಆರಂಭಿಸಿ. ಕಲ್ಯಾಣ ಶುಲ್ಕದ ದರವಿರಲಿ, ಐಡಿ ಬ್ಲಾಕ್ ಆದಾಗಿನ ವಿಚಾರಣೆಯ ಕ್ರಮವಿರಲಿ, ಒಂದನ್ನು ಆಯ್ದುಕೊಳ್ಳಿ. ಆರು ತಿಂಗಳ ಅವಧಿ ಗೊತ್ತುಮಾಡಿಕೊಳ್ಳಿ. ಸವಾರರ ದಾಖಲೆ ಒಟ್ಟುಮಾಡುವುದು ನಿಮ್ಮ ಕೆಲಸ. ಅದನ್ನು ಕಾಯ್ದೆಯ ಕಲಮುಗಳಿಗೆ ಹೊಂದಿಸಿ, ಲೆಕ್ಕ ಹಾಕಿ, ಮಂಡಳಿ ಉತ್ತರಿಸಲೇಬೇಕಾದ ರೂಪದಲ್ಲಿ ಬರೆಯುವುದು ಅವರದು. ಎರಡು ಮನವಿಗಳು ಎರಡು ಹೆಸರಿನಲ್ಲಿ ಒಂದೇ ದಿನ ಕಾರ್ಮಿಕ ಇಲಾಖೆಗೆ ಹೋಗಲಿ, ಎರಡಕ್ಕೂ ಸ್ವೀಕೃತಿ ಪಡೆಯಿರಿ. ಮೂವತ್ತು ದಿನ ಕಳೆದರೂ ಉತ್ತರ ಬಾರದಿದ್ದರೆ, ಆ ಮನವಿಗಳ ಮೇಲೆ ಏನು ಕ್ರಮವಾಯಿತೆಂದು ಮಾಹಿತಿ ಹಕ್ಕಿನಡಿ ಕೇಳುವ ಅರ್ಜಿಯನ್ನು ನಿಮ್ಮ ಬಳಗದವರೇ ಹಾಕಿ. ಅದಕ್ಕೆ ಕರ್ನಾಟಕದಲ್ಲಿ ಶುಲ್ಕ ಹತ್ತು ರೂಪಾಯಿ.